ಜಾನ್ ಹ್ಯೂಬರ್ಟ್ ಪ್ಲಂಕೆಟ್: ಸೋತ ಕೇಸನ್ನು ಎರಡೇ ವಾರದಲ್ಲಿ ಮತ್ತೆ ಕೋರ್ಟಿಗೆ ತಂದ ಐರಿಷ್ ವಕೀಲ

ಹಳೇಕಡತ (ಚರ್ಚೆ ಶುರು ಮಾಡಿದವರು)

ಆಸ್ಟ್ರೇಲಿಯಾದ ವಸಾಹತು ಕಾಲದ ಬಗ್ಗೆ ಇಲ್ಲಿ ಆಗಾಗ ಮಾತು ಬರುತ್ತದೆ. ಕೈದಿಗಳ ಹಡಗು, ಚಿನ್ನದ ಗಣಿ, ಕುರಿ ಸಾಕಣೆ, ಅಷ್ಟಕ್ಕೇ ನಿಲ್ಲುತ್ತದೆ. ಇವತ್ತು ಒಬ್ಬ ವಕೀಲರ ಬಗ್ಗೆ ಬರೆಯಬೇಕು ಅನಿಸಿತು. ಹೆಸರು ಜಾನ್ ಹ್ಯೂಬರ್ಟ್ ಪ್ಲಂಕೆಟ್.

ಹುಟ್ಟಿದ್ದು 1802ರಲ್ಲಿ, ಐರ್ಲೆಂಡಿನ ರಾಸ್‌ಕಾಮನ್ ಜಿಲ್ಲೆಯಲ್ಲಿ. ಕ್ಯಾಥೊಲಿಕ್ ಮನೆತನ. ಆ ಕಾಲದ ಐರ್ಲೆಂಡಿನಲ್ಲಿ ಕ್ಯಾಥೊಲಿಕ್ ಆಗಿ ವಕೀಲಿಕೆ ಮಾಡಬಹುದಿತ್ತು, ಆದರೆ ಮೇಲೇರುವ ಹಾಗಿರಲಿಲ್ಲ. ಪಾರ್ಲಿಮೆಂಟಿಗೆ ಹೋಗುವ ಹಾಗಿರಲಿಲ್ಲ, ಸರ್ಕಾರದ ದೊಡ್ಡ ಹುದ್ದೆ ಸಿಗುತ್ತಿರಲಿಲ್ಲ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಓದಿದ ಪ್ಲಂಕೆಟ್ 1826ರಲ್ಲಿ ವಕೀಲರಾದರು. ಕ್ಯಾಥೊಲಿಕರ ಹಕ್ಕಿಗಾಗಿ ಹೋರಾಡುತ್ತಿದ್ದ ಡೇನಿಯಲ್ ಒ'ಕಾನೆಲ್ ಜೊತೆ ನಿಂತರು. 1829ರಲ್ಲಿ ಆ ಹೋರಾಟ ಗೆದ್ದಿತು, ನಿರ್ಬಂಧಗಳು ಬಹುಪಾಲು ಹೋದವು. ಅದಾಗಿ ಮೂರೇ ವರ್ಷಕ್ಕೆ, 1832ರ ಜೂನ್‌ನಲ್ಲಿ, ಪ್ಲಂಕೆಟ್ ನ್ಯೂ ಸೌತ್ ವೇಲ್ಸ್‌ನ ಸಾಲಿಸಿಟರ್ ಜನರಲ್ ಆಗಿ ಸಿಡ್ನಿಯಲ್ಲಿ ಇಳಿದರು. ಅದೇ ಹಡಗಿನಲ್ಲಿ ಅವರ ಹೆಂಡತಿ, ತಂಗಿ, ಮತ್ತೆ ಜಾನ್ ಮೆಕೆನ್‌ಕ್ರೋ ಅನ್ನುವ ಪಾದ್ರಿ ಇದ್ದರು.

ಬಂದ ಮೇಲೆ ಕೆಲಸದ ರಾಶಿ. ಅಟಾರ್ನಿ ಜನರಲ್ ಆಗಿದ್ದ ಕಿಂಚೆಲಾ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಹಾಗಾಗಿ ಕೋರ್ಟಿನ ಕೆಲಸವೆಲ್ಲ ಇವರ ತಲೆಗೇ ಬಿತ್ತು. 1835ರಲ್ಲಿ ಊರೂರಿನ ಮ್ಯಾಜಿಸ್ಟ್ರೇಟರಿಗೆ ಕಾನೂನು ಗೊತ್ತಾಗಲಿ ಅಂತ ಒಂದು ಕೈಪಿಡಿ ಬರೆದರು. ಯಾಕೆ ಬೇಕಿತ್ತು ಅಂದರೆ, ಆ ಮ್ಯಾಜಿಸ್ಟ್ರೇಟರು ಬಹಳಷ್ಟು ಜನ ಜಮೀನ್ದಾರರೇ. ಅಕ್ಕಪಕ್ಕದವರ ಆಳುಗಳಾಗಿದ್ದ ಕೈದಿಗಳಿಗೆ ಚಾಟಿಯೇಟು ಹಾಕಿಸುವ ಅಧಿಕಾರ ಅವರ ಕೈಯಲ್ಲಿತ್ತು. 1836ರಲ್ಲಿ ಪ್ಲಂಕೆಟ್ ಅಟಾರ್ನಿ ಜನರಲ್ ಆದರು.

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯ. 1838ರ ಜೂನ್ 10, ಭಾನುವಾರ. ಸಿಡ್ನಿಯಿಂದ ಬಹಳ ಉತ್ತರಕ್ಕೆ, ಹೆನ್ರಿ ಡಂಗಾರ್ ಅನ್ನುವವನ ದನದ ಕೇಂದ್ರ, ಮೈಯಲ್ ಕ್ರೀಕ್ ಅಂತ ಅದರ ಹೆಸರು. ಅಲ್ಲಿ ಕೆಲವು ವಾರಗಳಿಂದ ವಿರ್ರಯರಾಯ್ ಅನ್ನುವ ಮೂಲನಿವಾಸಿ ಗುಂಪಿನ ಜನ ಬೀಡುಬಿಟ್ಟಿದ್ದರು. ಯಾರಿಗೂ ತೊಂದರೆ ಕೊಟ್ಟವರಲ್ಲ. ಅವತ್ತು ಅವರ ಗಟ್ಟಿಮುಟ್ಟಾದ ಗಂಡಸರು ಮರದ ತೊಗಟೆ ತೆಗೆಯಲು ಪಕ್ಕದ ಕೇಂದ್ರಕ್ಕೆ ಹೋಗಿದ್ದರು. ಉಳಿದವರು ಹೆಂಗಸರು, ಮಕ್ಕಳು, ಮುದುಕರು. ಕುದುರೆ ಮೇಲೆ ಬಂದ ಗುಂಪು ಅವರನ್ನೆಲ್ಲ ಒಂದೇ ಹಗ್ಗಕ್ಕೆ ಕಟ್ಟಿ ಎಳೆದುಕೊಂಡು ಹೋಯಿತು. ಸುಮಾರು 28 ಜನರನ್ನು ಕೊಂದರು. ಆಮೇಲೆ ಹೆಣಗಳನ್ನು ಸುಟ್ಟರು.

ಇಂಥ ಕೊಲೆಗಳು ಅಲ್ಲಿ ಆಗಾಗ ನಡೆಯುತ್ತಿದ್ದವು. ಕೇಸು ಆಗುತ್ತಿದ್ದದ್ದೇ ಅಪರೂಪ. ಈ ಸಲ ಆಯಿತು. ಆ ಕೇಸು ನಡೆಸಿದವರು ಪ್ಲಂಕೆಟ್.

---

ಶರಾವತಿ

ಓದಿ ಮೈ ಜುಂ ಅಂತು. ಹೆಣ ಸುಟ್ಟ ಮೇಲೆ ವಿಷಯ ಹೊರಗೆ ಬಂದದ್ದು ಹೇಗೆ? ಹೇಳಿದವರು ಯಾರು?

---

ಹಳೇಕಡತ

ಶರಾವತಿ ಅವರೇ, ಅದಕ್ಕೆ ಎರಡು ಮೂರು ಜನ ಬೇಕಾಯಿತು.

ಮೊದಲು ಜಾರ್ಜ್ ಆಂಡರ್ಸನ್. ಆ ಕೇಂದ್ರದಲ್ಲಿ ಗುಡಿಸಲು ನೋಡಿಕೊಳ್ಳುತ್ತಿದ್ದ ಕೈದಿ. ಗುಂಪಿನ ಜೊತೆ ಹೋಗಲಿಲ್ಲ. ಹಗ್ಗ ಕಟ್ಟಿದ್ದನ್ನು ನೋಡಿದ, ಸ್ವಲ್ಪ ಹೊತ್ತಿಗೆ ಎರಡು ಗುಂಡಿನ ಸದ್ದು ಕೇಳಿದ. ಎರಡು ಗುಂಡು ಮಾತ್ರ. ಉಳಿದವರನ್ನು ಕತ್ತಿಯಲ್ಲಿ ಕೊಂದಿದ್ದರು. ಕೋರ್ಟಿನಲ್ಲಿ ಅವನನ್ನು, ಸಾಕ್ಷಿ ಹೇಳಿದರೆ ಬಿಡುಗಡೆ ಸಿಗುತ್ತದೆ ಅಂತ ತಾನೇ ಬಂದಿದ್ದೀಯ ಅನ್ನೋ ಅರ್ಥದಲ್ಲಿ ಕೆದಕಿದರು. ಬಿಡುಗಡೆ ಕೇಳಿಲ್ಲ, ರಕ್ಷಣೆ ಕೇಳಿದ್ದೇನೆ ಅಂದ.

ಎರಡನೆಯವನು ವಿಲಿಯಂ ಹಾಬ್ಸ್, ಕೇಂದ್ರದ ಮೇಲ್ವಿಚಾರಕ. ಘಟನೆ ದಿನ ಊರಲ್ಲಿರಲಿಲ್ಲ. ವಾಪಸ್ ಬಂದು ಸ್ಥಳಕ್ಕೆ ಹೋಗಿ ನೋಡಿದ, ತಲೆಗಳನ್ನು ಎಣಿಸಲು ಪ್ರಯತ್ನಪಟ್ಟ. ಆ 28 ಅನ್ನುವ ಲೆಕ್ಕ ಬಂದದ್ದು ಅಲ್ಲಿಂದ. ಅವನು ದೂರು ಬರೆದ. ಇದಕ್ಕಾಗಿ ಡಂಗಾರ್ ಅವನನ್ನು ಕೆಲಸದಿಂದ ತೆಗೆದ.

ಇನ್ನೊಬ್ಬ ನೆರೆಯ ಫ್ರೆಡರಿಕ್ ಫೂಟ್. ಅಷ್ಟು ದೂರ ಸಿಡ್ನಿಗೆ ಹೋಗಿ ಸರ್ಕಾರಕ್ಕೆ ಸುದ್ದಿ ಮುಟ್ಟಿಸಿದ. ಗವರ್ನರ್ ಜಾರ್ಜ್ ಗಿಪ್ಸ್ ಆಗ ಬಂದು ಕೆಲವೇ ತಿಂಗಳಾಗಿತ್ತು. ಅವರು ಪ್ಲಂಕೆಟ್ ಹತ್ತಿರ ಮಾತಾಡಿ, ಎಡ್ವರ್ಡ್ ಡೆನ್ನಿ ಡೇ ಅನ್ನುವ ಪೊಲೀಸ್ ಮ್ಯಾಜಿಸ್ಟ್ರೇಟರನ್ನು ಕಳಿಸಿದರು. ಡೇ ವಾರಗಟ್ಟಲೆ ಆ ಕಾಡಲ್ಲಿ ಓಡಾಡಿ ಹನ್ನೊಂದು ಜನರನ್ನು ಹಿಡಿದು ತಂದರು. ಹನ್ನೆರಡನೆಯವನು, ಗುಂಪಿನ ಮುಂದಾಳು ಜಾನ್ ಫ್ಲೆಮಿಂಗ್, ತಪ್ಪಿಸಿಕೊಂಡ.

---

ನೇರನುಡಿ

ಹಿಡಿದ ಹನ್ನೊಂದೂ ಜನ ಕೈದಿಗಳು ಅಥವಾ ಹಿಂದೆ ಕೈದಿಗಳಾಗಿದ್ದವರು ಅಲ್ವಾ? ಫ್ಲೆಮಿಂಗ್ ಒಬ್ಬನೇ ಜಮೀನಿದ್ದ ಮನೆತನದವನು, ಸ್ವತಂತ್ರನಾಗಿ ಹುಟ್ಟಿದವನು. ಅವನೇ ಸಿಗಲಿಲ್ಲ. 1894ರಲ್ಲಿ ವಯಸ್ಸಾಗಿ ಸತ್ತ. ಇದನ್ನು ನ್ಯಾಯ ಅಂತ ಹೇಗೆ ಕರೆಯೋದು?

---

ಕಾನೂನು ಮೂರನೇ ವರ್ಷ

ಸರ್, ನನ್ನ ಪ್ರಶ್ನೆ ಬೇರೆ. ಶೀರ್ಷಿಕೆಯಲ್ಲಿ ಸೋತ ಕೇಸು ಮತ್ತೆ ತಂದರು ಅಂತ ಇದೆ. ಒಂದೇ ಅಪರಾಧಕ್ಕೆ ಎರಡು ಸಲ ವಿಚಾರಣೆ ಮಾಡುವ ಹಾಗಿಲ್ಲ ಅನ್ನುವ ತತ್ವ ಇಂಗ್ಲಿಷ್ ಕಾನೂನಿನಲ್ಲಿ ಆಗಲೇ ಇತ್ತು. ನಮ್ಮ ಸಂವಿಧಾನದ 20(2)ನೇ ವಿಧಿ ಎರಡು ಸಲ ಶಿಕ್ಷೆ ಆಗಬಾರದು ಅನ್ನುತ್ತದೆ, ಖುಲಾಸೆ ಆದವರಿಗೂ ನಮ್ಮ ಕ್ರಿಮಿನಲ್ ಪ್ರಕ್ರಿಯಾ ಕಾನೂನು ರಕ್ಷಣೆ ಕೊಡುತ್ತದೆ. ಹಾಗಿದ್ದ ಮೇಲೆ ಪ್ಲಂಕೆಟ್ ಹೇಗೆ ಮಾಡಿದರು?

---

ಹಳೇಕಡತ

ಈ ಪ್ರಶ್ನೆ ಕೇಳಿದ್ದಕ್ಕೆ ಖುಷಿಯಾಯಿತು. ಅವರ ವಕೀಲಿಕೆ ಗೊತ್ತಾಗುವುದೇ ಇಲ್ಲಿ.

ಮೊದಲ ವಿಚಾರಣೆ ನವೆಂಬರ್ 15, 1838. ಮುಖ್ಯ ನ್ಯಾಯಾಧೀಶ ಜೇಮ್ಸ್ ಡೌಲಿಂಗ್ ಮುಂದೆ. ಸರ್ಕಾರದ ಪರ ಪ್ಲಂಕೆಟ್, ಅವರ ಜೊತೆ ರೋಜರ್ ಥೆರಿ. ಅವರೂ ಐರಿಷ್ ಕ್ಯಾಥೊಲಿಕರೇ. ಆರೋಪಿಗಳ ಪರ ಮೂರು ಜನ ಬ್ಯಾರಿಸ್ಟರರು. ಅವರ ಫೀಸು ಕಟ್ಟಿದ್ದು ಹಂಟರ್ ಕಣಿವೆ ಕಡೆಯ ಜಮೀನ್ದಾರರು ಚಂದಾ ಎತ್ತಿ.

ಈಗ ತೊಂದರೆ ನೋಡಿ. ಕೊಲೆ ಕೇಸು ಅಂದ ಮೇಲೆ ಸತ್ತವರು ಯಾರು ಅಂತ ಹೇಳಬೇಕು. ಹೆಣಗಳು ಬೂದಿಯಾಗಿವೆ. ಅಲ್ಲಿದ್ದ ಜನರಲ್ಲಿ 'ಡ್ಯಾಡಿ' ಅಂತ ಬಿಳಿಯರು ಕರೆಯುತ್ತಿದ್ದ ಒಬ್ಬ ಮುದುಕರಿದ್ದರು. ಭಾರೀ ಮೈಕಟ್ಟು. ಹಾಬ್ಸ್ ಅಲ್ಲಿ ಕಂಡ ದೊಡ್ಡದೊಂದು ದೇಹದ ಮೇಲೆ ಪ್ಲಂಕೆಟ್ ಕೇಸು ನಿಲ್ಲಿಸಿದರು. ಅದು ಡ್ಯಾಡಿಯದೇ ಅಂತ ಆಣೆ ಮಾಡಿ ಹೇಳುತ್ತೀಯಾ ಅಂತ ಆರೋಪಿಗಳ ಪರ ವಕೀಲರು ಕೇಳಿದರು. ಯಾರಿಂದ ಸಾಧ್ಯ? ತೀರ್ಪುಗಾರರು (ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸಿದ ಊರಿನ ಜನ) ಒಳಗೆ ಹೋಗಿ ಕಾಲು ಗಂಟೆ ಆಜುಬಾಜಿನಲ್ಲೇ ಹೊರಗೆ ಬಂದು ನಿರ್ದೋಷಿಗಳು ಅಂದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪ್ಲಂಕೆಟ್ ಎದ್ದು ನಿಂತು, ಇವರ ಮೇಲೆ ಬೇರೆ ಕೊಲೆ ಆರೋಪಗಳಿವೆ, ಬಿಡಬೇಡಿ ಅಂದರು. ಅವರು ಮೊದಲ ಸಲ ಒಬ್ಬ ವ್ಯಕ್ತಿಯ ಕೊಲೆಗೆ ಮಾತ್ರ ವಿಚಾರಣೆ ನಡೆಸಿದ್ದರು. ಉಳಿದ ಸಾವುಗಳನ್ನು ಹಾಗೇ ಇಟ್ಟುಕೊಂಡಿದ್ದರು. ಪ್ರತಿ ಮನುಷ್ಯನ ಕೊಲೆ ಬೇರೆ ಬೇರೆ ಅಪರಾಧ. ಡ್ಯಾಡಿಯನ್ನು ಕೊಂದಿಲ್ಲ ಅಂತ ತೀರ್ಪು ಬಂದರೆ ಮಗುವನ್ನು ಕೊಂದಿಲ್ಲ ಅಂತ ಆಗುವುದಿಲ್ಲ.

ಎರಡನೇ ವಿಚಾರಣೆ ನವೆಂಬರ್ ಕೊನೆಗೆ, ನ್ಯಾಯಾಧೀಶ ವಿಲಿಯಂ ಬರ್ಟನ್ ಮುಂದೆ. ಹನ್ನೊಂದು ಜನರಲ್ಲಿ ಏಳು ಜನರ ಮೇಲೆ ಮಾತ್ರ, ಒಂದು ಮಗುವಿನ ಕೊಲೆ ಆರೋಪ. ಡೇ ಅವರಿಗೆ ಬೂದಿಯಲ್ಲಿ ಮಗುವಿನ ಪಕ್ಕೆಲುಬಿನ ತುಂಡು, ದವಡೆ ಮೂಳೆ, ಕೆಲವು ಹಲ್ಲು ಸಿಕ್ಕಿದ್ದವು. ತೀರ್ಪುಗಾರರ ಮುಖ್ಯಸ್ಥ ಎದ್ದು ಮೊದಲು ನಿರ್ದೋಷಿಗಳು ಅಂದೇಬಿಟ್ಟ. ಪಕ್ಕದಲ್ಲಿದ್ದ ಇನ್ನೊಬ್ಬ ಎದ್ದು, ಅದು ನಮ್ಮ ತೀರ್ಪಲ್ಲ ಅಂತ ತಿದ್ದಿದ. ಏಳೂ ಜನ ತಪ್ಪಿತಸ್ಥರು ಅಂತಾಯಿತು. ಡಿಸೆಂಬರ್ 18ರಂದು ಗಲ್ಲಿಗೆ ಹಾಕಿದರು.

ಉಳಿದ ನಾಲ್ಕು ಜನರನ್ನು 1839ರಲ್ಲಿ ಬಿಡಬೇಕಾಯಿತು. ಅದು ಯಾಕೆ ಅಂತ ಬೇರೆ ಬರೆಯುತ್ತೇನೆ, ನನಗೆ ಎಲ್ಲಕ್ಕಿಂತ ದೊಡ್ಡ ವಿಷಯ ಅದೇ.

---

ಪ್ಯಾರಮಟ್ಟಾ ಕನ್ನಡಿಗ

ನಾನು ಸಿಡ್ನಿ ಹತ್ತಿರ ಇರುವವನು. ಮೈಯಲ್ ಕ್ರೀಕಿಗೆ ಹೋಗಿ ಬಂದಿದ್ದೇನೆ. ಬಿಂಗರಾ ಊರಿನಿಂದ ಡೆಲಂಗ್ರಾ ಕಡೆ ಹೋಗುವ ರಸ್ತೆಯಲ್ಲಿದೆ. 2000ದ ಜೂನ್ 10ರಂದು ಸ್ಮಾರಕ ತೆರೆದರು, 2008ರಲ್ಲಿ ಅದು ರಾಷ್ಟ್ರೀಯ ಪರಂಪರೆ ಪಟ್ಟಿಗೆ ಸೇರಿತು. ಕಟ್ಟಡ ಏನೂ ಇಲ್ಲ. ಕೆಂಪು ಜಲ್ಲಿಯ ಕಾಲುದಾರಿ ಹುಲ್ಲಿನ ನಡುವೆ ಸುತ್ತುತ್ತಾ ಹೋಗುತ್ತದೆ. ಅಲ್ಲಲ್ಲಿ ಬಂಡೆಗಳ ಮೇಲೆ ಫಲಕ, ಅಲ್ಲಿನ ಮೂಲನಿವಾಸಿಗಳ ಗಮಿಲರಾಯ್ ಭಾಷೆಯಲ್ಲೂ ಇಂಗ್ಲಿಷಿನಲ್ಲೂ. ಕೊನೆಗೆ ಒಂದು ದೊಡ್ಡ ಬಂಡೆ, ಅಲ್ಲಿಂದ ಇಳಿಜಾರು ಕಾಣುತ್ತದೆ.

ಪ್ರತಿ ಜೂನ್‌ನಲ್ಲಿ ಅಲ್ಲಿ ಜನ ಸೇರುತ್ತಾರೆ. ಬದುಕುಳಿದವರ ವಂಶದವರು, ಕೊಂದವರ ವಂಶದವರು, ಇಬ್ಬರೂ ಬರುತ್ತಾರೆ. ಬದುಕುಳಿದವರು ಅಂದರೆ, ಅವತ್ತು ಇಬ್ಬರು ಚಿಕ್ಕ ಹುಡುಗರು ಹಳ್ಳಕ್ಕೆ ಹಾರಿ ಅಡಗಿಕೊಂಡಿದ್ದರು. ಅವರಲ್ಲದೆ ತೊಗಟೆ ತೆಗೆಯಲು ಹೋಗಿದ್ದ ಗಂಡಸರೂ ಇದ್ದರು.

ಸಿಡ್ನಿಗೆ ಬರುವ ನಮ್ಮವರು ಆಪೆರಾ ಹೌಸ್, ಬ್ಲೂ ಮೌಂಟನ್ಸ್ ನೋಡಿ ವಾಪಸ್ ಹೋಗುತ್ತಾರೆ. ಇಷ್ಟು ದೂರ ಬರೋದು ಕಷ್ಟ, ನಿಜ. ಆದರೂ ಈ ದೇಶದಲ್ಲಿ ನೆಲೆಸಿದ ಕನ್ನಡಿಗರು ಒಂದು ಸಲವಾದರೂ ಮಕ್ಕಳನ್ನು ಕರೆದುಕೊಂಡು ಹೋಗಲೇಬೇಕು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ನಾವು ಮನೆ ಕಟ್ಟಿಕೊಂಡಿರುವ ನೆಲದ ಕಥೆ ಅದು.

---

ನೇರನುಡಿ

ಒಳ್ಳೇ ಮಾಹಿತಿ. ಆದರೆ ನನ್ನ ಪ್ರಶ್ನೆ ಹಾಗೇ ಉಳಿಯಿತು. ಅದೇ ವರ್ಷ ಜನವರಿಯಲ್ಲಿ ಮೇಜರ್ ನನ್ ಅನ್ನುವವನ ಕುದುರೆ ಪೊಲೀಸ್ ಪಡೆ ವಾಟರ್‌ಲೂ ಕ್ರೀಕಿನಲ್ಲಿ ಗಮಿಲರಾಯ್ ಜನರನ್ನು ಕೊಂದಿತು. ಅದು ಸರ್ಕಾರವೇ ಕಳಿಸಿದ ಪಡೆ. ಅವರ ಮೇಲೆ ಕೇಸೇ ಆಗಲಿಲ್ಲ. ಸಮವಸ್ತ್ರ ಹಾಕಿದವರು ಕೊಂದರೆ ವಿಚಾರಣೆ ನಿಧಾನ, ಆಮೇಲೆ ಕಡತ ಮುಚ್ಚು. ಬಡ ಕೈದಿಗಳು ಕೊಂದರೆ ಗಲ್ಲು. ಆಗ ಅಟಾರ್ನಿ ಜನರಲ್ ಇದೇ ಪ್ಲಂಕೆಟ್.

ಇನ್ನೊಂದು. 1836ರಲ್ಲಿ ಜಾಕ್ ಕಾಂಗೊ ಮರೆಲ್ ಅನ್ನುವ ಮೂಲನಿವಾಸಿಯ ಕೇಸು. ಮೂಲನಿವಾಸಿಗಳ ಒಳಗೇ ನಡೆದ ಕೊಲೆಗಳನ್ನೂ ಇಂಗ್ಲಿಷ್ ಕೋರ್ಟು ವಿಚಾರಣೆ ಮಾಡಬಹುದು ಅಂತ ಅಲ್ಲಿ ತೀರ್ಮಾನ ಆಯಿತು. ನಮಗೆ ನಮ್ಮದೇ ಕಟ್ಟಳೆ ಇದೆ ಅನ್ನುವ ವಾದ ಬಿದ್ದುಹೋಯಿತು. ಸರ್ಕಾರದ ಪರ ವಾದಿಸಿದವರೂ ಪ್ಲಂಕೆಟ್ಟೇ. ಐರ್ಲೆಂಡಿನಲ್ಲಿ ಇಂಗ್ಲಿಷರ ಕಾನೂನಿನ ಏಟು ತಿಂದವರು ಇನ್ನೊಬ್ಬರ ನೆಲದಲ್ಲಿ ಅದೇ ಕಾನೂನು ಹೇರಿದರು. ಇದನ್ನು ಮರೆತು ಹಾರ ಹಾಕೋದು ಸರಿಯಲ್ಲ.

---

ಶರಾವತಿ

ನೇರನುಡಿ ಅವರ ಮಾತಿನಲ್ಲಿ ತೂಕ ಇದೆ. ಆದರೂ ಆ ಏಳು ಜನ ಬಡವರು ಅನ್ನುವುದಕ್ಕೆ ಕನಿಕರ ತೋರಿಸಲು ನನ್ನಿಂದ ಆಗುವುದಿಲ್ಲ. ಕಟ್ಟಿಹಾಕಿದ ಮಕ್ಕಳನ್ನು ಕೊಂದವರು ಅವರು. ಆಂಡರ್ಸನ್ ಕೂಡ ಕೈದಿಯೇ ಅಲ್ವಾ? ಅವನು ಹೋಗಲಿಲ್ಲವಲ್ಲ.

---

ಹಳೇಕಡತ

ನೇರನುಡಿ ಅವರು ಹೇಳಿದ ಎರಡೂ ಸಂಗತಿ ನಿಜ. ವಾಟರ್‌ಲೂ ಕ್ರೀಕಿನ ವಿಚಾರಣೆ 1839ರಲ್ಲಿ ಏನೂ ಕ್ರಮವಿಲ್ಲದೆ ಮುಗಿಯಿತು. ಅದು ಗಿಪ್ಸ್ ಮೇಲೂ ಪ್ಲಂಕೆಟ್ ಮೇಲೂ ಇರುವ ಕಪ್ಪುಚುಕ್ಕೆ. ಅದನ್ನು ನಾನು ಸಮರ್ಥಿಸುವುದಿಲ್ಲ.

ಮರೆಲ್ ಕೇಸಿನ ಬಗ್ಗೆ ಮಾತ್ರ ಒಂದು ಮಾತು. ಎಲ್ಲರೂ ಒಂದೇ ಕಾನೂನಿನ ಕೆಳಗೆ ಅಂತ ವಾದಿಸಿದ ಮನುಷ್ಯ ಎರಡು ವರ್ಷದ ಮೇಲೆ ಅದೇ ಮಾತನ್ನು ಬಿಳಿಯರ ವಿರುದ್ಧ ತಿರುಗಿಸಿದರು. ನಿಮ್ಮ ಕಾನೂನು ಅವರನ್ನು ಕಟ್ಟುತ್ತದೆ ಅಂದ ಮೇಲೆ ಅವರನ್ನು ಕಾಯಲೂಬೇಕು. ಸಿಡ್ನಿಯ ಬಹುಪಾಲು ಜನಕ್ಕೆ ಮೊದಲರ್ಧ ಬೇಕಿತ್ತು, ಎರಡನೆಯದು ಬೇಡವಾಗಿತ್ತು. ಸಿಡ್ನಿ ಹೆರಾಲ್ಡ್ ಪತ್ರಿಕೆ ಈ ವಿಚಾರಣೆ ವಿರುದ್ಧ ಸತತವಾಗಿ ಬರೆಯಿತು. ರಾಬರ್ಟ್ ಸ್ಕಾಟ್ ಅನ್ನುವ ಜಮೀನ್ದಾರ, ಸ್ವತಃ ಮ್ಯಾಜಿಸ್ಟ್ರೇಟ್, ಜೈಲಿಗೇ ಹೋಗಿ ಆರೋಪಿಗಳಿಗೆ ಒಗ್ಗಟ್ಟಾಗಿರಿ, ಬಾಯಿ ಬಿಡಬೇಡಿ ಅಂತ ಹೇಳಿ ಬಂದ. ಗಿಪ್ಸ್ ಅವನನ್ನು ಮ್ಯಾಜಿಸ್ಟ್ರೇಟರ ಪಟ್ಟಿಯಿಂದ ತೆಗೆದರು. ಗಲ್ಲಿಗೆ ಹೋಗುವ ಮುಂಚೆ ಆ ಏಳು ಜನ ಜೈಲರ್ ಹತ್ತಿರ, ಕೊಂದದ್ದು ನಿಜ, ಆದರೆ ಕರಿಯರನ್ನು ಕೊಂದರೆ ಶಿಕ್ಷೆ ಇದೆ ಅಂತ ಗೊತ್ತಿರಲಿಲ್ಲ, ಹಿಂದೆ ಎಷ್ಟೋ ಸಲ ಆಗಿತ್ತು ಅನ್ನುವ ಅರ್ಥದ ಮಾತಾಡಿದರಂತೆ. ಗಿಪ್ಸ್ ಅದನ್ನು ಲಂಡನ್ನಿಗೆ ವರದಿ ಮಾಡಿದರು. ಪ್ಲಂಕೆಟ್ ಎದುರಿಸಿದ್ದು ಆ ವಾತಾವರಣವನ್ನು.

ಈಗ ಉಳಿದ ನಾಲ್ಕು ಜನರ ವಿಷಯ. ಮೈಯಲ್ ಕ್ರೀಕ್ ಕೇಂದ್ರದಲ್ಲಿ ಡೇವಿ ಅನ್ನುವ ಮೂಲನಿವಾಸಿ ಯುವಕ ಕೆಲಸಕ್ಕಿದ್ದ. ಅವನು ಗುಂಪಿನ ಹಿಂದೆ ಹೋಗಿ, ಮರೆಯಲ್ಲಿ ನಿಂತು, ಕೊಂದದ್ದನ್ನು ಕಣ್ಣಾರೆ ನೋಡಿದ್ದ. ಕೋರ್ಟಿಗೆ ಸಿಗಬಹುದಾಗಿದ್ದ ಅತಿ ಮುಖ್ಯ ಸಾಕ್ಷಿ ಅವನು. ಆದರೆ ಕೋರ್ಟು ಅವನ ಮಾತು ಕೇಳುವ ಹಾಗೇ ಇಲ್ಲ. ಸಾಕ್ಷಿ ಹೇಳಲು ಪ್ರಮಾಣ ಮಾಡಬೇಕು. ಪ್ರಮಾಣ ಮಾಡಲು ದೇವರ ಮೇಲೆ, ಸುಳ್ಳು ಹೇಳಿದರೆ ಆ ದೇವರು ಶಿಕ್ಷಿಸುತ್ತಾನೆ ಅನ್ನುವುದರ ಮೇಲೆ ನಂಬಿಕೆ ಬೇಕು. ಮೂಲನಿವಾಸಿಗಳಿಗೆ ಅದಿಲ್ಲ ಅಂತ ಬಾಗಿಲು ಹಾಕಿದ್ದರು. ಡೇವಿಗೆ ಕ್ರೈಸ್ತ ಧರ್ಮದ ಪಾಠ ಹೇಳಿಸಿ ಪ್ರಮಾಣಕ್ಕೆ ಅರ್ಹ ಮಾಡಬಹುದು ಅಂತ ಸರ್ಕಾರದ ಯೋಚನೆ. ಆದರೆ ಡೇವಿ ನಾಪತ್ತೆಯಾದ, ಮತ್ತೆ ಸಿಗಲೇ ಇಲ್ಲ. ಸಾಕ್ಷಿ ಇಲ್ಲದೆ ನಾಲ್ಕು ಜನ ಹೊರಗೆ ನಡೆದರು.

---

ನಿವೃತ್ತ ವಕೀಲ, ಧಾರವಾಡ

ಹಳೇಕಡತ ಅವರೇ, ಪ್ರಮಾಣದ ವಿಷಯ ಎತ್ತಿದ್ದೀರಿ, ಅದಕ್ಕೆ ನಮ್ಮ ಕಡೆಯ ಒಂದು ಕೊಂಡಿ ಇದೆ. 1744ರಲ್ಲಿ ಇಂಗ್ಲೆಂಡಿನ ಚಾನ್ಸರಿ ಕೋರ್ಟಿನಲ್ಲಿ ಒಮಿಚಂದ್ ವಿರುದ್ಧ ಬಾರ್ಕರ್ ಅನ್ನುವ ಕೇಸು ನಡೆಯಿತು. ಸಾಕ್ಷಿಗಳು ಕಲ್ಕತ್ತಾದ ಹಿಂದೂಗಳು. ಬೈಬಲ್ ಮುಟ್ಟಿ ಆಣೆ ಮಾಡುವವರಲ್ಲ. ಅವರು ತಮ್ಮ ಪದ್ಧತಿಯಂತೆ ಬ್ರಾಹ್ಮಣರ ಪಾದ ಮುಟ್ಟಿ ಪ್ರಮಾಣ ಮಾಡಿದ್ದರು. ನ್ಯಾಯಾಧೀಶ ಲಾರ್ಡ್ ಹಾರ್ಡ್‌ವಿಕ್ ಆ ಸಾಕ್ಷ್ಯ ಒಪ್ಪಿಕೊಂಡರು. ಕ್ರೈಸ್ತರೇ ಆಗಬೇಕಿಲ್ಲ, ತಪ್ಪಿಗೆ ಶಿಕ್ಷೆ ಕೊಡುವ ದೇವರೊಬ್ಬ ಇದ್ದಾನೆ ಅಂತ ನಂಬಿದರೆ ಸಾಕು, ತಮ್ಮ ಧರ್ಮದ ರೀತಿಯಲ್ಲಿ ಆಣೆ ಮಾಡಲಿ ಅಂದರು. 1840ರಲ್ಲಿ ಇಲ್ಲಿ ಕಂಪನಿ ಸರ್ಕಾರ ಹಿಂದೂ, ಮುಸ್ಲಿಮರಿಗೆ ಆಣೆಯ ಬದಲು ಸತ್ಯ ಹೇಳುತ್ತೇನೆ ಅನ್ನುವ ಘೋಷಣೆ ಸಾಕು ಅಂತ ಕಾನೂನೇ ಮಾಡಿತು.

ಸುಮಾರು ನೂರು ವರ್ಷ ಮೊದಲೇ ನಮ್ಮವರಿಗೆ ತೆರೆದಿದ್ದ ಬಾಗಿಲು ಡೇವಿಗೆ ತೆರೆಯಲಿಲ್ಲ. ವ್ಯಾಪಾರ ನಡೆಯಬೇಕಾದರೆ ಭಾರತದ ವರ್ತಕರ ಮಾತು ಇಂಗ್ಲಿಷರಿಗೆ ಬೇಕಿತ್ತು. ಮೂಲನಿವಾಸಿಗಳಿಂದ ಬೇಕಾಗಿದ್ದದ್ದು ನೆಲ. ನೆಲ ಕಳಕೊಂಡವನಿಗೆ ಸಾಕ್ಷಿ ಹೇಳುವ ಹಕ್ಕು ಕೊಟ್ಟರೆ ಏನಾಗುತ್ತದೆ ಅಂತ ಕುರಿ-ದನದ ಸಾಹುಕಾರರಿಗೆ ಚೆನ್ನಾಗಿ ಗೊತ್ತಿತ್ತು. ನಲವತ್ತು ವರ್ಷ ಕೋರ್ಟಿನಲ್ಲಿ ಕಳೆದವನಾಗಿ ಹೇಳುತ್ತೇನೆ, ಯಾರ ಸಾಕ್ಷಿ ಕೇಳಬೇಕು ಅನ್ನುವ ಹಂತದಲ್ಲೇ ಅರ್ಧ ಕೇಸು ತೀರ್ಮಾನ ಆಗಿರುತ್ತದೆ.

---

ಹಳೇಕಡತ

ವಕೀಲರೇ, ತುಂಬಾ ಥ್ಯಾಂಕ್ಸ್. ನಾನು ಪ್ಲಂಕೆಟ್ಟರನ್ನು ಮೆಚ್ಚುವುದು ಇದೇ ಕಾರಣಕ್ಕೆ. ಆ ಏಳು ಗಲ್ಲುಗಳಿಗಿಂತ ಆಮೇಲೆ ಅವರು ಮಾಡಿದ ಕೆಲಸ ದೊಡ್ಡದು ಅನ್ನುವುದು ನನ್ನ ಅಭಿಪ್ರಾಯ.

ಮರುವರ್ಷವೇ, 1839ರಲ್ಲಿ, ಮೂಲನಿವಾಸಿಗಳ ಸಾಕ್ಷ್ಯವನ್ನು ಕ್ರಿಮಿನಲ್ ಕೇಸುಗಳಲ್ಲಿ ಒಪ್ಪಿಕೊಳ್ಳುವ ಕಾನೂನು ಸಿಡ್ನಿಯಲ್ಲಿ ಪಾಸಾಯಿತು. ಲಂಡನ್ ಅದನ್ನು ತಳ್ಳಿಹಾಕಿತು. 1843ರಲ್ಲಿ ಬ್ರಿಟಿಷ್ ಪಾರ್ಲಿಮೆಂಟೇ, ವಸಾಹತುಗಳು ಬೇಕಾದರೆ ಇಂಥ ಕಾನೂನು ಮಾಡಿಕೊಳ್ಳಬಹುದು ಅಂದಿತು. ಪ್ಲಂಕೆಟ್ 1844ರಲ್ಲಿ ಮತ್ತೆ ಮಸೂದೆ ತಂದರು. ಅಷ್ಟು ಹೊತ್ತಿಗೆ ಶಾಸನ ಸಭೆಯಲ್ಲಿ ಜಮೀನ್ದಾರರೇ ತುಂಬಿದ್ದರು. ವೆಂಟ್‌ವರ್ತ್‌ರಂಥ ದೊಡ್ಡ ನಾಯಕರೇ ಎದುರು ನಿಂತರು. ಬಿತ್ತು. 1849ರಲ್ಲಿ ಮತ್ತೆ ತಂದರು, ಮತ್ತೆ ಬಿತ್ತು. ಗೆಲ್ಲುವುದಿಲ್ಲ ಅಂತ ಗೊತ್ತಿದ್ದೂ ತಂದರು. ಓಟು ಹಾಕುವ ಜನರ ನಡುವೆ ಇದರಿಂದ ಅವರಿಗೆ ಒಂದು ಕಾಸಿನ ಲಾಭ ಇರಲಿಲ್ಲ.

---

ಮೇಷ್ಟ್ರು

ರಾಜಕೀಯದಲ್ಲಿ ಇವರು ಮುಂದೆ ಏನಾದರು? ಶಾಲೆಗಳ ವಿಷಯದಲ್ಲೂ ಇವರ ಹೆಸರು ಬರುತ್ತದೆ ಅಂತ ನೆನಪು.

---

ಹಳೇಕಡತ

ಹೌದು ಮೇಷ್ಟ್ರೇ. ಶಾಲೆಗೂ ಮುಂಚೆ ಚರ್ಚಿನ ಕಾನೂನು ಹೇಳಬೇಕು. 1836ರಲ್ಲಿ ಗವರ್ನರ್ ರಿಚರ್ಡ್ ಬರ್ಕ್ ಕಾಲದಲ್ಲಿ, ಆಂಗ್ಲಿಕನ್ ಚರ್ಚಿಗೆ ಇದ್ದ ವಿಶೇಷ ಸ್ಥಾನ ತೆಗೆದು, ಕ್ಯಾಥೊಲಿಕ್ ಮತ್ತು ಪ್ರೆಸ್ಬಿಟೇರಿಯನ್ ಚರ್ಚುಗಳಿಗೂ ಸರ್ಕಾರದ ಹಣ ಸಮನಾಗಿ ಸಿಗುವ ಕಾನೂನು ಬಂತು. ಅದರ ಕರಡು ಪ್ಲಂಕೆಟ್ಟರದು. ತಾವೇ ಅನುಭವಿಸಿದ ತಾರತಮ್ಯ ಹೊಸ ನೆಲದಲ್ಲಿ ಬೇರು ಬಿಡಬಾರದು ಅನ್ನುವ ಹಟ ಇತ್ತು.

1848ರಲ್ಲಿ ರಾಷ್ಟ್ರೀಯ ಶಿಕ್ಷಣ ಮಂಡಳಿ ಶುರುವಾದಾಗ ಅಧ್ಯಕ್ಷರಾದರು. ಎಲ್ಲ ಪಂಥದ ಮಕ್ಕಳೂ ಒಟ್ಟಿಗೆ ಕೂತು ಓದುವ ಶಾಲೆಗಳು. ಐರ್ಲೆಂಡಿನ ಮಾದರಿ. ಅವರದೇ ಕ್ಯಾಥೊಲಿಕ್ ಚರ್ಚಿನಲ್ಲಿ ಇದಕ್ಕೆ ವಿರೋಧ ಇತ್ತು. ಸಿಡ್ನಿ ವಿಶ್ವವಿದ್ಯಾಲಯದ ಮೊದಲ ಸೆನೆಟ್ಟಿನಲ್ಲೂ ಇದ್ದರು, ಮುಂದೆ ಉಪಕುಲಪತಿಯಾದರು.

1856ರಲ್ಲಿ ಜವಾಬ್ದಾರಿ ಸರ್ಕಾರ (ಶಾಸನ ಸಭೆಗೆ ಉತ್ತರ ಕೊಡಬೇಕಾದ ಮಂತ್ರಿಮಂಡಲ) ಬಂದಾಗ ಅಟಾರ್ನಿ ಜನರಲ್ ಹುದ್ದೆ ಬಿಟ್ಟು, ಚುನಾವಣೆಗೆ ನಿಂತು ಆರ್ಗೈಲ್ ಕ್ಷೇತ್ರದಿಂದ ಗೆದ್ದರು. ಆಮೇಲೆ ಮೇಲ್ಮನೆಯ ಅಧ್ಯಕ್ಷರು. 1858ರಲ್ಲಿ ಶಾಲಾ ಮಂಡಳಿ ವಿಷಯಕ್ಕೆ ಆಗ ವಸಾಹತಿನ ಮಂತ್ರಿಮಂಡಲದ ಮುಖ್ಯಸ್ಥರಾಗಿದ್ದ ಕೌಪರ್ ಸರ್ಕಾರದ ಜೊತೆ ಜಗಳ ಹತ್ತಿಕೊಂಡಿತು. ಸರ್ಕಾರವನ್ನು ಟೀಕಿಸಿದ ಪತ್ರಗಳನ್ನು ಪತ್ರಿಕೆಗೆ ಕೊಟ್ಟರು ಅಂತ ಅವರನ್ನು ಮಂಡಳಿಯಿಂದ ವಜಾ ಮಾಡಿದರು. ಪ್ಲಂಕೆಟ್ ಮೇಲ್ಮನೆ ಅಧ್ಯಕ್ಷತೆಯನ್ನೂ ಬಿಸಾಕಿ ಎದ್ದು ಬಂದರು. ಸ್ವಲ್ಪ ಮುಂಗೋಪಿ ಮನುಷ್ಯ. ಮುಂದೆ ಅದೇ ಕೌಪರ್ ಜೊತೆ ರಾಜಿಯಾಗಿ 1865ರಲ್ಲಿ ಕೆಲವು ತಿಂಗಳು ಮತ್ತೆ ಅಟಾರ್ನಿ ಜನರಲ್ ಆದರು. 1869ರ ಮೇ 9ರಂದು ಮೆಲ್ಬರ್ನಿನಲ್ಲಿ ತೀರಿಕೊಂಡರು.

---

ನೇರನುಡಿ

1844, 1849ರ ಮಸೂದೆಗಳ ವಿಷಯ ನನ್ನ ಗಮನಕ್ಕೆ ಬಂದಿರಲಿಲ್ಲ. ಅದು ಲೆಕ್ಕಕ್ಕೆ ಬರಬೇಕಾದ್ದೇ. ಆದರೆ ನನ್ನ ಮಾತು ಹಾಗೇ ಇದೆ. ವಾಟರ್‌ಲೂ ಕ್ರೀಕಿನ ಹೆಸರಿಲ್ಲದೆ ಮೈಯಲ್ ಕ್ರೀಕಿನ ಕಥೆ ಹೇಳಬಾರದು. ಹೇಳಿದರೆ, ಬ್ರಿಟಿಷ್ ಕಾನೂನು ಎಲ್ಲರನ್ನೂ ಸಮನಾಗಿ ನೋಡಿತು ಅಂತ ಓದುವವರು ನಂಬಿಬಿಡುತ್ತಾರೆ.

---

ಕಾನೂನು ಮೂರನೇ ವರ್ಷ

ಮುಂದಿನ ತಿಂಗಳು ಕಾಲೇಜಿನಲ್ಲಿ ಸಾಕ್ಷ್ಯ ಕಾನೂನಿನ ಮೇಲೆ ನಾನು ಮಾತಾಡಬೇಕು. ಈ ಕೇಸನ್ನೇ ತಗೊಳ್ಳುತ್ತೇನೆ. ಮೂಲನಿವಾಸಿಗಳ ಸಾಕ್ಷ್ಯ ಕೊನೆಗೆ ಯಾವಾಗ ಒಪ್ಪಿಗೆಯಾಯಿತು ಸರ್?

---

ಹಳೇಕಡತ

ನ್ಯೂ ಸೌತ್ ವೇಲ್ಸ್‌ನಲ್ಲಿ 1876ರಲ್ಲಿ. ಪ್ರಮಾಣ ಮಾಡಲಾಗದವರು ಸತ್ಯ ಹೇಳುತ್ತೇನೆ ಅಂತ ಘೋಷಿಸಿ ಸಾಕ್ಷಿ ಹೇಳಬಹುದು ಅಂತಾಯಿತು. ಭಾಷಣದಲ್ಲಿ ಡೇವಿಯಿಂದ ಶುರು ಮಾಡಿ, ಆಮೇಲೆ ವಕೀಲರು ಹೇಳಿದ ಒಮಿಚಂದ್ ಕೇಸಿಗೆ ಬನ್ನಿ. ವಾಟರ್‌ಲೂ ಕ್ರೀಕನ್ನೂ ಸೇರಿಸಿ, ನೇರನುಡಿ ಅವರು ಹೇಳಿದ್ದು ಸರಿ ಇದೆ. ಬರೆದ ಮೇಲೆ ಇಲ್ಲಿ ಹಾಕಿ, ಎಲ್ಲರೂ ಓದಿ ಹೇಳೋಣ.